ಕಾವು, ಝಳ, ಉಷ್ಣ: ಬಳ್ಳಾರಿ ಪರಿಸರದಲ್ಲಿ ವಿಜ್ಞಾನ ಪಾಠದ ಕನ್ನಡ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಬಿರುಬೇಸಿಗೆ ಎಂಬ ಮಾತು ಆ ಊರಿನವರ ಬಾಯಲ್ಲಿಯೇ ವಿನೋದವಾಗಿ ಬಳಕೆಯಲ್ಲಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿನ ತಾಪಮಾನ ೪೦ ಡಿಗ್ರಿ ಸೆಲ್ಸಿಯಸ್ ದಾಟುವುದು ಸುದ್ದಿಯೇ ಅಲ್ಲ. ಬಳ್ಳಾರಿ ಗುಡ್ಡ ಮತ್ತು ಕುಂಬಾರ ಗುಡ್ಡಗಳ ಬೆಣಚುಬಂಡೆಗಳು ಹಗಲಿಡೀ ಕಾದು ರಾತ್ರಿಯವರೆಗೂ ಸುತ್ತಲಿನ ಓಣಿಗಳಿಗೆ ಬಿಸಿ ಬೀರುತ್ತಿರುತ್ತವೆ. ಇಂತಹ ನೆಲದಲ್ಲಿ ಬೆಳೆದ ಮಗುವಿಗೆ ಬಿಸಿಯ ಅನುಭವವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಹಿರಿಯ ಪ್ರಾಥಮಿಕ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಾಂದ್ರತೆ, ಉಷ್ಣ, ಉಷ್ಣ ವರ್ಗಾವಣೆ ಎಂಬ ಶೀರ್ಷಿಕೆಗಳು ಬಂದೊಡನೆ ಅದೇ ಮಗು ತನ್ನ ಅನುಭವವನ್ನು ತರಗತಿಯ ಹೊರಗೆ ಬಿಟ್ಟು ವ್ಯಾಖ್ಯೆಯನ್ನು ಬಾಯಿಪಾಠ ಮಾಡತೊಡಗುತ್ತದೆ. ಈ ಬಿರುಕಿಗೆ ಕಾರಣವನ್ನು ಸಾಮಾನ್ಯವಾಗಿ ಸಂಸ್ಕೃತಭೂಯಿಷ್ಠ ಪರಿಭಾಷೆಯ ಕಾಠಿಣ್ಯದಲ್ಲಿ ಹುಡುಕಲಾಗುತ್ತದೆ. ಪ್ರಸ್ತುತ ಲೇಖನವು ಈ ನಿಲುವನ್ನು ಮರುಪರಿಶೀಲಿಸುತ್ತದೆ. ತೊಡಕು ಇರುವುದು ಅಪರಿಚಿತ ಪದಗಳಲ್ಲಿ ಅಷ್ಟಾಗಿ ಅಲ್ಲ. ಪರಿಚಿತವೆಂಬಂತೆ ತೋರುವ, ಆದರೆ ಮನೆಯಲ್ಲಿ ಬೇರೆಯೇ ಅರ್ಥದಲ್ಲಿ ಬಾಳುತ್ತಿರುವ ಪದಗಳಲ್ಲಿ ಎಂಬುದು ಇಲ್ಲಿನ ವಾದ.

ಪರಿಭಾಷೆಯ ಹಿನ್ನೆಲೆ

ಕನ್ನಡದಲ್ಲಿ ವಿಜ್ಞಾನ ಬರವಣಿಗೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ ಅವರು ೧೯೧೮ರಲ್ಲಿ ಆರಂಭಿಸಿದ ‘ವಿಜ್ಞಾನ’ ಪತ್ರಿಕೆ, ಶಿವರಾಮ ಕಾರಂತರ ‘ಬಾಲಪ್ರಪಂಚ’ ಮತ್ತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಇವೆಲ್ಲ ಆ ಚರಿತ್ರೆಯ ಘಟ್ಟಗಳು. ೧೯೬೧ರಲ್ಲಿ ಕೇಂದ್ರ ಸರ್ಕಾರವು ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವನ್ನು ಸ್ಥಾಪಿಸಿದ ಮೇಲೆ ಸಂಸ್ಕೃತಮೂಲದ ಪದಗಳಿಂದ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಪರಿಭಾಷೆ ದೊರೆಯುತ್ತದೆ ಎಂಬ ನಂಬಿಕೆಗೆ ಬಲ ಬಂದಿತು. ಈ ಸಮಾನತೆ ಕಾಗದದ ಮೇಲೂ ಪೂರ್ಣವಾಗಿಲ್ಲ. ಹಿಂದಿಯಲ್ಲಿ ‘ಘನತ್ವ’ವಾಗಿರುವುದು ಕನ್ನಡದಲ್ಲಿ ‘ಸಾಂದ್ರತೆ’. ಹಿಂದಿಯ ‘ಚಾಲನ’ ಕನ್ನಡದಲ್ಲಿ ‘ವಹನ’. ತೆಲುಗಿನ ಮಟ್ಟಿಗೆ ಮಾತ್ರ ಹೊಂದಿಕೆ ಬಹುಪಾಲು ನಿಜ. ಸಾಂದ್ರತ, ವಹನಂ, ಸಂವಹನಂ, ವಿಕಿರಣಂ ಎಂದು ಅಲ್ಲಿಯೂ ಅವೇ ಪದಗಳು.

ಬಳ್ಳಾರಿಗೆ ಇದು ಗೌಣವಾದ ಸಂಗತಿಯಲ್ಲ. ಮದರಾಸು ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ ೧೯೫೩ರ ಅಕ್ಟೋಬರ್ ೧ರಂದು ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ ಬಳ್ಳಾರಿ, ಸಿರುಗುಪ್ಪ ಮೊದಲಾದವು ಮೈಸೂರಿಗೂ ಸೇರಿದವು. ಗಡಿ ಬಿದ್ದರೂ ಮನೆಗಳಲ್ಲಿ ತೆಲುಗು ಉಳಿಯಿತು. ತೆಲುಗು ಮನೆಮಾತಿನ ಮಗು ಕನ್ನಡ ಮಾಧ್ಯಮದ ತರಗತಿಯಲ್ಲಿ ‘ಬಿಸಿ’ಗೆ ‘ವೇಡಿ’ಯನ್ನು ಬಿಟ್ಟುಕೊಡಬೇಕಾಗುತ್ತದೆ, ‘ವಿಕಿರಣ’ಕ್ಕೆ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಉರ್ದು ಮಾಧ್ಯಮದ ಮಗುವಿನ ಪಾಡು ಬೇರೆ. ಅಲ್ಲಿ ಉಷ್ಣಕ್ಕೆ ‘ಹರಾರತ್’ ಎಂಬ ಪದವಿದ್ದು, ಮನೆಯಲ್ಲಿ ಅದೇ ಪದಕ್ಕೆ ಮೈ ಬೆಚ್ಚಗಾಗುವ ಸಣ್ಣ ಜ್ವರವೆಂಬ ಅರ್ಥವೂ ಇದೆ. ಆದ್ದರಿಂದ ಪರಿಭಾಷೆ ಸಂಸ್ಕೃತದ್ದೇ ದೇಶ್ಯದ್ದೇ ಎಂಬ ಪ್ರಶ್ನೆಗಿಂತ, ಒಂದು ಪದ ಮಗುವಿನ ಮನೆಯಲ್ಲಿ ಈಗಾಗಲೇ ಯಾವ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆ ಹೆಚ್ಚು ಫಲಕಾರಿ.

‘ಉಷ್ಣ’ದ ಎರಡು ಬದುಕು

ಪಠ್ಯದಲ್ಲಿ ಉಷ್ಣವೆಂದರೆ ತಾಪದ ವ್ಯತ್ಯಾಸದಿಂದಾಗಿ ಒಂದು ಕಾಯದಿಂದ ಇನ್ನೊಂದಕ್ಕೆ ಸಾಗುವ ಶಕ್ತಿ. ಮನೆಯಲ್ಲಿ ಉಷ್ಣವೆಂದರೆ ಆಹಾರದ ಗುಣ, ಮೈಯ ಸ್ಥಿತಿ. ಪರಂಗಿಹಣ್ಣು ಉಷ್ಣ, ಮಜ್ಜಿಗೆ ತಂಪು. ಕಣ್ಣು ಕೆಂಪಾದರೆ, ಬಾಯಲ್ಲಿ ಹುಣ್ಣಾದರೆ ‘ಉಷ್ಣ ಆಗೈತಿ’ ಎನ್ನುತ್ತಾರೆ. ಈ ಅರ್ಥದಲ್ಲಿ ಗಡಿಗೆಯಲ್ಲಿಟ್ಟು ತಣ್ಣಗಾದ ಪದಾರ್ಥವೂ ಉಷ್ಣವಾಗಿರಬಹುದು, ಕುದಿಯುವ ಪದಾರ್ಥವೂ ತಂಪಾಗಿರಬಹುದು. ಇದು ಮೌಢ್ಯವಲ್ಲ, ದೇಹಧರ್ಮವನ್ನು ಕುರಿತ ಇನ್ನೊಂದು ವಿವರಣಾ ಕ್ರಮದ ಪರಿಭಾಷೆ. ಆದರೆ ಅದಕ್ಕೂ ಭೌತವಿಜ್ಞಾನದ ಉಷ್ಣಕ್ಕೂ ಸಂಬಂಧವಿಲ್ಲ. ಎರಡು ಪರಿಭಾಷೆಗಳು ಒಂದೇ ಪದದಲ್ಲಿ ಕೂಡಿರುವುದನ್ನು ಪಾಠ ಎಲ್ಲಿಯೂ ಹೇಳುವುದಿಲ್ಲವಾದ್ದರಿಂದ ಅದನ್ನು ಬಿಡಿಸಿಕೊಳ್ಳುವ ಹೊಣೆ ಹನ್ನೆರಡು ವರ್ಷದ ಮಗುವಿನ ಮೇಲೆ ಬೀಳುತ್ತದೆ.

ಇನ್ನೊಂದು ತೊಡಕು ವ್ಯಾಕರಣದ್ದು. ಸಂಸ್ಕೃತದಲ್ಲಿ ‘ಉಷ್ಣ’ ಪ್ರಧಾನವಾಗಿ ಬಿಸಿಯಾದ ಎಂಬ ಅರ್ಥದ ವಿಶೇಷಣ. ‘ಉಷ್ಣತೆ’ ಅದರ ಭಾವನಾಮ. ಕನ್ನಡ ಪರಿಭಾಷೆಯು ವಿಶೇಷಣವನ್ನು ನಾಮಪದವಾಗಿ ಮಾಡಿಕೊಂಡು ಅದಕ್ಕೆ ಶಕ್ತಿಯೆಂಬ ಅರ್ಥವನ್ನೂ, ಭಾವನಾಮಕ್ಕೆ ಶಕ್ತಿಯ ಮಟ್ಟವೆಂಬ ಅರ್ಥವನ್ನೂ ಕೊಟ್ಟಿತು. ಹೀಗಾಗಿ ಭೌತವಿಜ್ಞಾನದ ಅತ್ಯಂತ ಸೂಕ್ಷ್ಮವಾದ ಭೇದವೊಂದು ಕನ್ನಡದಲ್ಲಿ ‘ತೆ’ ಎಂಬ ಒಂದೇ ಪ್ರತ್ಯಯಕ್ಕೆ ನೇತುಬಿದ್ದಿದೆ. ಇದರ ಜೊತೆಗೆ ತಾಪ, ತಾಪಮಾನ, ಉಷ್ಣಾಂಶ ಎಂಬ ಪರ್ಯಾಯಗಳು ಪುಸ್ತಕ, ಪತ್ರಿಕೆ, ಆಕಾಶವಾಣಿಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬರುತ್ತಿರುತ್ತವೆ. ಜ್ವರ ನೋಡುವ ಉಪಕರಣವನ್ನು ಕೆಲವೆಡೆ ‘ಉಷ್ಣಮಾಪಕ’ ಎಂದು ಕರೆಯುವುದಂತೂ ತಪ್ಪುದಾರಿಗೆ ಎಳೆಯುವ ಹೆಸರು, ಏಕೆಂದರೆ ಅದು ಉಷ್ಣವನ್ನು ಅಳೆಯುವುದೇ ಇಲ್ಲ. ಬಳ್ಳಾರಿ–ಹೊಸಪೇಟೆ ಹಾದಿಯ ಕುಡತಿನಿಯಲ್ಲಿ ಮೂರು ಘಟಕಗಳಿಂದ ಒಟ್ಟು ೧೭೦೦ ಮೆಗಾವಾಟ್ ಸಾಮರ್ಥ್ಯ ಪಡೆದಿರುವ ಕೇಂದ್ರದ ಹೆಸರಿನಲ್ಲಿ ಇರುವುದು ‘ಉಷ್ಣ’ವಲ್ಲ, ‘ಶಾಖೋತ್ಪನ್ನ’. ಕಲ್ಲಿದ್ದಲಿನ ಉಷ್ಣ ನೀರನ್ನು ಹಬೆಯಾಗಿಸಿ, ಹಬೆ ಚಕ್ರವನ್ನು ತಿರುಗಿಸಿ, ವಿದ್ಯುತ್ತು ಹುಟ್ಟುವ ಸ್ಥಳವದು. ಉಷ್ಣ ಒಂದು ಶಕ್ತಿ ಎಂಬ ಪಾಠಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬಳ್ಳಾರಿಯ ಮಗುವಿಗೆ ಇಲ್ಲ. ಆದರೆ ಮನೆಯಲ್ಲಿ ‘ಶಾಖ’ವೆಂದರೆ ನೋವಿರುವ ಮಂಡಿಗೆ ಬಿಸಿಬಟ್ಟೆ ಒತ್ತುವುದು. (ಕುಡತಿನಿಯ ಬೂದಿ ಹೊಸದೂ ಅಲ್ಲ. ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗಳನ್ನು ಸುಟ್ಟು ಬಿಟ್ಟುಹೋದ ಬೂದಿಗುಡ್ಡಕ್ಕಾಗಿ ಆ ಊರು ಪುರಾತತ್ತ್ವಜ್ಞರಲ್ಲಿ ಮೊದಲೇ ಪ್ರಸಿದ್ಧ.)

ಯೂರೋಪಿನ ಭಾಷೆಗಳಿಗೂ ಈ ಭೇದ ಸುಲಭವಾಗಿ ದಕ್ಕಿದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಉಷ್ಣದ ಮೊತ್ತ ಬೇರೆ, ಅದರ ಮಟ್ಟ ಬೇರೆ ಎಂಬುದನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಸ್ಪಷ್ಟಪಡಿಸಿದ್ದು ೧೭೬೦ರ ದಶಕದ ಸುಮಾರಿಗೆ. ಆ ಮೇಲೂ ಉಷ್ಣವೆಂದರೆ ಕಣ್ಣಿಗೆ ಕಾಣದ ಒಂದು ದ್ರವ ಎಂದೇ ವಿದ್ವಾಂಸರು ಬಹುಕಾಲ ನಂಬಿದ್ದರು. ಫಿರಂಗಿಯ ನಳಿಗೆ ಕೊರೆಯುವಾಗ ಬಿಸಿ ಮುಗಿಯದೆ ಹುಟ್ಟುತ್ತಲೇ ಇರುವುದನ್ನು ರಮ್‌ಫರ್ಡ್ ೧೭೯೮ರಲ್ಲಿ ವರದಿ ಮಾಡಿ, ೧೮೪೦ರ ದಶಕದಲ್ಲಿ ಜೂಲ್ ತನ್ನ ಪ್ರಯೋಗಗಳನ್ನು ನಡೆಸಿದ ಮೇಲೆಯೇ ಆ ನಂಬಿಕೆ ಸಡಿಲಿದ್ದು. ‘ಬಾಗಿಲು ಹಾಕು, ಥಂಡಿ ಒಳಗ ಬರ್ತೈತಿ’ ಎನ್ನುವ ಮಗು ಚಳಿಯನ್ನೂ ಒಂದು ವಸ್ತುವೆಂದು ಭಾವಿಸಿದರೆ ಅದು ನಗುವ ಸಂಗತಿಯಲ್ಲ.

ಕಾವು ಮತ್ತು ಝಳ

ಪಠ್ಯ ಕೈಬಿಟ್ಟ ಪದಗಳತ್ತ ಈಗ ನೋಡಬಹುದು. ಕನ್ನಡದ ಮನೆಮಾತಿನಲ್ಲಿ ಬಿಸಿ, ಕಾವು, ಝಳ, ಸೆಕೆ, ಧಗೆ, ಬೇಗೆ, ಉರಿ ಎಂಬವು ಪರ್ಯಾಯಗಳಲ್ಲ. ‘ಸೆಕೆ’ ಮತ್ತು ‘ಚಳಿ’ ಚತುರ್ಥೀ ವಿಭಕ್ತಿಯನ್ನು ಬೇಡುತ್ತವೆ. ‘ನನಗೆ ಸೆಕೆ’, ‘ಮಗುವಿಗೆ ಚಳಿ’ ಎನ್ನಬಹುದು. ‘ನೀರಿಗೆ ಚಳಿ’, ‘ಕಲ್ಲಿಗೆ ಸೆಕೆ’ ಎನ್ನಲಾಗದು. ಅಂದರೆ ಇವು ಅನುಭವಿಸುವ ಜೀವಿಯನ್ನು ಅಪೇಕ್ಷಿಸುವ ಪದಗಳು. ‘ಬಿಸಿ’ ವಸ್ತುವಿನ ಗುಣ, ‘ನೀರು ಬಿಸಿಯಿದೆ’. ‘ಕಾವು’ ಹಾಗಲ್ಲ. ಕಾವನ್ನು ಕೊಡಬಹುದು, ಪಡೆಯಬಹುದು, ಹಿಡಿದಿಡಬಹುದು. ಕೋಳಿ ಮೊಟ್ಟೆಗೆ ಕಾವು ಕೊಡುತ್ತದೆ. ಸಂಪ್ರದಾನ ಸಂಬಂಧವಿರುವ, ಒಂದರಿಂದ ಇನ್ನೊಂದಕ್ಕೆ ಸಲ್ಲುವ ಸಂಗತಿಯಾಗಿ ಅದನ್ನು ಭಾಷೆ ಗ್ರಹಿಸಿದೆ. ಒಂದು ಚಮಚ ಕುದಿನೀರಿಗೂ ಸ್ನಾನಕ್ಕೆಂದು ಹದವಾಗಿ ಕಾಯಿಸಿದ ಒಂದು ಹಂಡೆ ನೀರಿಗೂ ಇರುವ ಅಂತರವನ್ನು ಹೇಳುವಾಗ ಚಮಚದ ನೀರಿನಲ್ಲಿ ಬಿಸಿ ಹೆಚ್ಚು, ಹಂಡೆಯ ನೀರು ಉಂಡ ಕಾವು ಹೆಚ್ಚು ಎಂದರೆ, ಹಂಡೆಗೆ ಸೌದೆ ಒಟ್ಟಿದ ಮಗುವಿಗೆ ಬೇರೆ ವಿವರಣೆ ಬೇಕಾಗದು. ಉಷ್ಣತೆ ಮತ್ತು ಉಷ್ಣಗಳ ಭೇದವೆಂದರೆ ಇದೇ. ‘ಬಿಸಿಲಿನ ಕಾವು ಏರಿತು’ ಎಂಬಂತಹ ಬಳಕೆಗಳಲ್ಲಿ ಕಾವು ಮಟ್ಟವನ್ನೂ ಸೂಚಿಸುತ್ತದೆ ಎಂಬುದು ನಿಜ. ಆದ್ದರಿಂದ ‘ಕಾವು’ ಪಾರಿಭಾಷಿಕ ಪದವಾಗಲಾರದು; ಪಾರಿಭಾಷಿಕ ಪದದ ಬಳಿಗೆ ಒಯ್ಯುವ ಮೆಟ್ಟಿಲಾಗಬಲ್ಲದು.

‘ಝಳ’ದ ವಿಷಯದಲ್ಲಿ ಇನ್ನಷ್ಟು ಖಚಿತತೆಯಿದೆ. ಝಳ ಮುಟ್ಟಿದ್ದರಿಂದ ಬರುವುದಲ್ಲ, ದೂರದಿಂದ ಹೊಡೆಯುವುದು. ಜೋಳದ ರೊಟ್ಟಿ ಬೇಯಿಸುವಾಗ ಹಂಚಿನ ಮೇಲಿನ ರೊಟ್ಟಿಗೆ ಕಾವು ತಗಲುತ್ತದೆ, ಒಲೆಯ ಮುಂದೆ ಕುಳಿತವರ ಮುಖಕ್ಕೆ ಝಳ ಹೊಡೆಯುತ್ತದೆ. ಮೊದಲನೆಯದು ವಹನ, ಎರಡನೆಯದು ಬಹುಮಟ್ಟಿಗೆ ವಿಕಿರಣ. ಬೆಂದ ರೊಟ್ಟಿಯನ್ನು ಕೆಂಡದ ಎದುರಿಗೆ ಒರಗಿಸಿ ಗರಿಗರಿ ಮಾಡುವಾಗ ಅದೇ ರೊಟ್ಟಿ ವಹನದಿಂದ ವಿಕಿರಣಕ್ಕೆ ದಾಟಿರುತ್ತದೆ. ಒಲೆಗೂ ಮುಖಕ್ಕೂ ನಡುವೆ ಒಂದು ಮೊರ ಹಿಡಿದರೆ ಝಳ ಕೂಡಲೇ ತಪ್ಪುತ್ತದೆ. ನಡುವಿನ ಗಾಳಿ ಕಾಯುವವರೆಗೆ ಕಾಯದೆ ನೇರವಾಗಿ ಬರುವ ಶಕ್ತಿ ಅದೆಂಬುದಕ್ಕೆ ಇಷ್ಟು ಸಾಕು. ಬಿಸಿಗಾಳಿಗೂ ಜನ ಝಳವೆನ್ನುವುದುಂಟು, ಅಲ್ಲಿ ಶಿಕ್ಷಕರು ಗೆರೆ ಎಳೆಯಬೇಕಾಗುತ್ತದೆ.

ಕುರುಗೋಡಿನ ಪರಿಸರ ಈ ಪಾಠಕ್ಕೆ ಸಿದ್ಧ ಪ್ರಯೋಗಶಾಲೆಯಂತಿದೆ. ದೊಡ್ಡಬಸವೇಶ್ವರ ಗುಡಿಯ ಬೃಹತ್ ನಂದಿಯಿಂದ ಹಿಡಿದು ಸುತ್ತಲಿನ ಗುಡ್ಡಗಳವರೆಗೆ ಅಲ್ಲಿ ಎಲ್ಲವೂ ಕಲ್ಲು. ನಡುಹಗಲಿನಲ್ಲಿ ಬರಿಗಾಲಿಡಲಾಗದಷ್ಟು ಸುಡುವ ಹೊರಗಿನ ಹಾಸುಗಲ್ಲು ಮತ್ತು ಅದೇ ಹೊತ್ತಿಗೆ ಗುಡಿಯೊಳಗೆ ತಣ್ಣಗಿರುವ ನೆಲ ಎರಡೂ ಒಂದೇ ಜಾತಿಯ ಕಲ್ಲು. ಬೆಣಚುಕಲ್ಲಿನಲ್ಲಿ ಕಾವು ನಿಧಾನವಾಗಿ ದಾಟುವುದರಿಂದ ಮೇಲ್ಮೈ ಸುಟ್ಟರೂ ಒಡಲು ತಂಪಾಗಿರುತ್ತದೆ. ದಕ್ಷಿಣ ಭಾರತದ ಕಲ್ಲುಕುಟಿಗರು ಇದನ್ನು ತಿಳಿದೇ ಬಂಡೆಯ ಮೇಲೆ ಸೌದೆ ಉರಿಸುತ್ತಿದ್ದರು. ಕಾದ ಮೇಲ್ಪದರು ಹಿಗ್ಗುತ್ತದೆ, ಕಾಯದ ಒಳಪದರು ಹಿಗ್ಗುವುದಿಲ್ಲ. ಆ ಎಳೆತಕ್ಕೆ ಚಪ್ಪಡಿ ಕಳಚಿಕೊಳ್ಳುತ್ತದೆ. ಒಳಗಿನ ಕಲ್ಲಿನ ಮೇಲೆ ಇಟ್ಟ ಕಬ್ಬಿಣದ ಸಲಾಕೆ ಕಲ್ಲಿಗಿಂತಲೂ ತಣ್ಣಗೆ ತೋರುತ್ತದೆ. ಎರಡರ ತಾಪ ಒಂದೇ, ಆದರೆ ಕಬ್ಬಿಣ ಅಂಗೈಯ ಕಾವನ್ನು ಬೇಗ ಎಳೆದುಕೊಳ್ಳುತ್ತದೆ. ‘ಕಬ್ಬಿಣ ತಣ್ಣಗಿದೆ’ ಎಂಬ ವಾಕ್ಯದಲ್ಲಿ ಗುಣದಂತೆ ಕಾಣುವುದು ನಿಜವಾಗಿ ಕೈಗೆ ಆಗುತ್ತಿರುವ ನಷ್ಟ ಎಂಬುದನ್ನು ಕನ್ನಡದ ಗುಣವಾಚಕ ಮತ್ತು ಚತುರ್ಥೀ ವಾಕ್ಯಗಳ ವ್ಯತ್ಯಾಸದಿಂದಲೇ ಬಿಡಿಸಿ ತೋರಿಸಬಹುದು. ಇಷ್ಟು ವ್ಯಾಕರಣ ವಿಜ್ಞಾನ ಶಿಕ್ಷಕರಿಗೆ ಹೊರೆಯಾಗದು.

ಅಳತೆ, ತೂಕ, ರಾಶಿ

ಸಾಂದ್ರತೆಯ ಪಾಠದಲ್ಲಿ ಪದಗಳ ಗೋಜಲು ಸೂತ್ರದೊಳಗೇ ಇದೆ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಎಂಬುದು ಪುಸ್ತಕದ ಮಾತು. ಸಿರುಗುಪ್ಪದ ಒಕ್ಕಲು ಮನೆಯ ಮಗುವಿಗೆ ‘ರಾಶಿ’ಯೆಂದರೆ ಕಣದಲ್ಲಿ ಗುಡ್ಡೆ ಹಾಕಿದ ಭತ್ತ; ಕಣ್ಣಿಗೆ ಕಾಣುವುದು ಅದರ ತೂಕವಲ್ಲ, ಅದು ಆವರಿಸಿದ ಜಾಗ. ಹೀಗೆ ದ್ರವ್ಯದ ಮೊತ್ತವನ್ನು ಹೇಳಬೇಕಾದ ಪದದೊಳಗೇ ಗಾತ್ರದ ಚಿತ್ರ ಹುದುಗಿದೆ. ‘ಗಾತ್ರ’ವಾದರೋ ‘ಹೆಬ್ಬೆರಳು ಗಾತ್ರದ ಹಗ್ಗ’ ಎಂಬಲ್ಲಿ ದಪ್ಪವನ್ನು ಸೂಚಿಸುತ್ತದೆ. ‘ಸಾಂದ್ರ’ ಪದ ರಸಾಯನ ಪಾಠದಲ್ಲಿ ಆಮ್ಲದ ಪ್ರಖರತೆಗೂ, ಸಮಾಜ ವಿಜ್ಞಾನದಲ್ಲಿ ‘ಜನಸಾಂದ್ರತೆ’ಯಾಗಿಯೂ ಬರುತ್ತದೆ. ಕೊನೆಯದು ಚದರ ಕಿಲೋಮೀಟರಿನ ಲೆಕ್ಕ, ಘನ ಸೆಂಟಿಮೀಟರಿನದಲ್ಲ.

ಆದರೆ ಅದೇ ಕಣದಲ್ಲಿ ಪರಿಹಾರವೂ ಇದೆ. ಕನ್ನಡವು ‘ಅಳೆ’ ಮತ್ತು ‘ತೂಗು’ ಎಂಬ ಎರಡು ಕ್ರಿಯೆಗಳನ್ನು ಎಂದೂ ಬೆರೆಸಿಲ್ಲ. ಪಾವು, ಪಡಿಗಳು ಅಳೆಯಲು, ತಕ್ಕಡಿ ತೂಗಲು. ಸಿರುಗುಪ್ಪ ಸೀಮೆಯಲ್ಲಿ ಭತ್ತದ ದರ ನಡೆಯುವುದು ೭೫ ಕಿಲೋ ಚೀಲದ ಲೆಕ್ಕದಲ್ಲಿ. ಒಳ್ಳೆಯ ಕಾಳಾದರೆ ಚೀಲ ತುಂಬುವ ಮೊದಲೇ ತೂಕ ತುಂಬುತ್ತದೆ; ಜೊಳ್ಳು ಹೆಚ್ಚಿದರೆ ಚೀಲ ತುಂಬಿದರೂ ತೂಕ ಬರುವುದಿಲ್ಲ. ‘ಈ ಸಲ ಕಾಳು ತೂಕ ಬರಲಿಲ್ಲ’ ಎಂಬ ರೈತರ ನಿಟ್ಟುಸಿರು ಸಾಂದ್ರತೆಯನ್ನು ಕುರಿತ ಪೂರ್ಣ ಹೇಳಿಕೆ. ಒಂದೇ ಅಳತೆಗೆ ಎಷ್ಟು ತೂಕ ಎಂಬ ಪ್ರಶ್ನೆಯಿಂದ ಪಾಠ ಆರಂಭವಾದರೆ ಸೂತ್ರ ಆಮೇಲೆ ತಾನಾಗಿ ಬರುತ್ತದೆ. ತೂಕ ಮತ್ತು ದ್ರವ್ಯರಾಶಿ ಒಂದೇ ಅಲ್ಲವೆಂಬ ತಿದ್ದುಪಡಿಯನ್ನು ಮೇಲಿನ ತರಗತಿಯವರೆಗೆ ತಡೆದಿಡುವುದರಿಂದ ಹಾನಿಯಿಲ್ಲ.

ಬಿತ್ತನೆಗೆ ಮುನ್ನ ಭತ್ತದ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ ಆರಿಸುವ ಪದ್ಧತಿ ಈ ಪಾಠದ ಮುಂದಿನ ಹೆಜ್ಜೆ. ತಾಜಾ ಕೋಳಿಮೊಟ್ಟೆ ತೇಲುವವರೆಗೆ ನೀರಿಗೆ ಉಪ್ಪು ಬೆರೆಸಿ, ಅದರಲ್ಲಿ ಬೀಜ ಸುರಿದರೆ ಜೊಳ್ಳು, ಅರೆಕಾಳು ತೇಲುತ್ತವೆ, ಗಟ್ಟಿಕಾಳು ಮುಳುಗುತ್ತದೆ. ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಸಿಹಿನೀರಿನಲ್ಲಿ ತೊಳೆದು ಬಿತ್ತನೆಗೆ ಬಳಸುತ್ತಾರೆ. ಸಿಹಿನೀರಿನಲ್ಲಿ ಮುಳುಗಿದ ಮೊಟ್ಟೆಯೇ ಉಪ್ಪುನೀರಿನಲ್ಲಿ ತೇಲಿತೆಂದರೆ ಮೊಟ್ಟೆ ಹಗುರಾಗಲಿಲ್ಲ, ನೀರಿನ ಸಾಂದ್ರತೆ ಏರಿತು. ತೇಲು–ಮುಳುಗು ಎನ್ನುವುದು ಎರಡು ಸಾಂದ್ರತೆಗಳ ಹೋಲಿಕೆ ಎಂಬ ಅಂಶ ಇಲ್ಲಿ ಕೈಗೆ ಸಿಗುತ್ತದೆ.

ದೇಶ್ಯ ಪದಗಳೆಲ್ಲವೂ ದಾರಿ ತೋರುತ್ತವೆಂದು ಭಾವಿಸಬಾರದು. ಮನೆಯಲ್ಲಿ ‘ಮಂದ’ವಾದ ಮಜ್ಜಿಗೆ, ‘ಮಂದ’ವಾದ ಎಣ್ಣೆ ಎನ್ನುತ್ತಾರೆ. ಮಂದವಾದದ್ದು ಸಾಂದ್ರವೂ ಆಗಿರಬೇಕೆಂದು ಊಹಿಸಿದ ಮಗು ಎಣ್ಣೆ ನೀರಿನ ಮೇಲೆ ತೇಲುವುದನ್ನು ಕಂಡು ತಬ್ಬಿಬ್ಬಾಗುತ್ತದೆ. ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ೧ ಗ್ರಾಂ ಆದರೆ ಅಡುಗೆ ಎಣ್ಣೆಯದು ಸುಮಾರು ೦.೯೨. ಮಂದತೆ ಹರಿಯುವಿಕೆಗೆ ಒಡ್ಡುವ ತಡೆ, ಅಷ್ಟೇ. ಸಂಸ್ಕೃತ ಪದವನ್ನು ತೆಗೆದು ದೇಶ್ಯ ಪದವನ್ನು ಕೂರಿಸಿದರೆ ಎಲ್ಲವೂ ತಿಳಿಯಾಗುತ್ತದೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಬಳ್ಳಾರಿಯ ರಸ್ತೆಗಳು ಇನ್ನೊಂದು ಪಾಠವನ್ನು ದಿನವೂ ಹೊತ್ತು ಸಾಗುತ್ತವೆ. ಸಂಡೂರಿನ ಕಬ್ಬಿಣದ ಅದಿರು ತುಂಬಿದ ಲಾರಿಯ ತೊಟ್ಟಿ ಅರ್ಧಕ್ಕೂ ಬಂದಿರುವುದಿಲ್ಲ, ಆದರೂ ಗಾಲಿಗಳು ಅದುಮಿಕೊಂಡಿರುತ್ತವೆ. ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಹೊಟ್ಟು ಹೇರಿಕೊಂಡು ಬರುವ ಲಾರಿ ಎರಡೂ ಬದಿಗೆ ಉಬ್ಬಿಕೊಂಡು ರಸ್ತೆಯನ್ನೇ ಆಕ್ರಮಿಸಿದರೂ ತೂಕದ ಮಿತಿ ಮುಟ್ಟಿರುವುದಿಲ್ಲ. ಬೆಣಚುಕಲ್ಲು ನೀರಿಗಿಂತ ಸುಮಾರು ೨.೭ ಪಟ್ಟು, ಅಪ್ಪಟ ಹೆಮಟೈಟ್ ಅದಿರು ಸುಮಾರು ೫ ಪಟ್ಟು ಸಾಂದ್ರ. ಹೊಟ್ಟಿನ ರಾಶಿಯಲ್ಲಿ ಬಹುಪಾಲು ಗಾಳಿ.

‘ಸಂವಹನ’ದ ಸಮಸ್ಯೆ

ಸಾಂದ್ರತೆ ಮತ್ತು ಉಷ್ಣ ಎರಡೂ ಪಾಠಗಳು ಕೂಡುವ ಸ್ಥಳ ಸಂವಹನ. ದ್ರವ ಅಥವಾ ಅನಿಲ ಕಾದಾಗ ಹಿಗ್ಗುತ್ತದೆ, ಅದರ ಸಾಂದ್ರತೆ ತಗ್ಗುತ್ತದೆ, ಅದು ಮೇಲೇರುತ್ತದೆ, ಆ ಜಾಗಕ್ಕೆ ತಂಪಾದದ್ದು ಇಳಿಯುತ್ತದೆ. ದುರದೃಷ್ಟವಶಾತ್ ಕನ್ನಡದಲ್ಲಿ ‘ಸಂವಹನ’ ಪದವನ್ನು ಮಾತು, ಪತ್ರಿಕೆ, ದೂರದರ್ಶನಗಳ ಮೂಲಕ ನಡೆಯುವ ವಿಚಾರ ವಿನಿಮಯಕ್ಕೂ ಕೊಡಲಾಗಿದೆ. ಇಂದು ಆ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ‘ವಹನ’ ಮತ್ತು ‘ಸಂವಹನ’ಗಳ ನಡುವಿನ ಭೇದವೂ ಒಂದು ಉಪಸರ್ಗದ್ದು ಮಾತ್ರ. ಕನ್ನಡದ ಕ್ರಿಯಾಪದಗಳಲ್ಲಿ ಈ ಭೇದ ತಾನಾಗಿ ಒಡೆದು ಕಾಣುತ್ತದೆ. ಹಂಚಿನಲ್ಲಿ ಕಾವು ‘ದಾಟುತ್ತದೆ’, ಕಬ್ಬಿಣ ಇದ್ದಲ್ಲೇ ಇರುತ್ತದೆ. ಹಂಡೆಯಲ್ಲಿ ನೀರು ತಾನೇ ಕಾವನ್ನು ‘ಹೊತ್ತೊಯ್ಯುತ್ತದೆ’. ಒಲೆಯಿಂದ ಝಳ ‘ಹೊಡೆಯುತ್ತದೆ’. ಈ ಮೂರು ಕ್ರಿಯಾಪದಗಳನ್ನು ಕಲಿತ ಮೇಲೆ ವಹನ, ಸಂವಹನ, ವಿಕಿರಣಗಳು ಬರಿಯ ಹೆಸರುಗಳಾಗಿ ಉಳಿಯುತ್ತವೆ. ಹೆಸರು ಕಷ್ಟವಾದರೂ ಅರ್ಥ ಕಷ್ಟವಾಗದು.

ಪಠ್ಯಗಳಲ್ಲಿ ಸಂವಹನಕ್ಕೆ ರೂಢಿಯ ಉದಾಹರಣೆ ಕಡಲ್ಗಾಳಿ ಮತ್ತು ನೆಲಗಾಳಿ. ಕರಾವಳಿಯ ಮಗುವಿಗೆ ಅದು ಸಹಜ. ಕಡಲಿನಿಂದ ಬಹುದೂರದ ಕುರುಗೋಡಿನ ಮಗುವಿಗೆ ಅದೂ ಬಾಯಿಪಾಠದ ಇನ್ನೊಂದು ಸಾಲು. ಆ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ. ಒಲೆಯ ಹೊಗೆ ಮೇಲೇರಿ ಅದರಿಂದ ಹೊರಹೋಗುತ್ತದೆ, ಬಾಗಿಲಿನಿಂದ ತಂಪುಗಾಳಿ ಒಳಬರುತ್ತದೆ. ಹೊಗೆ ಕಣ್ಣಿಗೆ ಕಾಣುವುದರಿಂದ ಗಾಳಿಯ ಓಟವೂ ಕಾಣುತ್ತದೆ. ಇದೇ ಮನೆಯ ದಪ್ಪ ಮಣ್ಣಿನ ಮಾಳಿಗೆ ಕಾವನ್ನು ಬೇಗ ದಾಟಗೊಡುವುದಿಲ್ಲ. ಅದರ ಪಕ್ಕದಲ್ಲಿ ಎದ್ದ ತಗಡಿನ ಮನೆಯೊಳಗೆ ಮಧ್ಯಾಹ್ನ ಕುಳಿತು ನೋಡಿದವರಿಗೆ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಕಂಬಳಿಯ ಪ್ರಶ್ನೆ ಇದಕ್ಕೇ ಸೇರಿದ್ದು. ಕಂಬಳಿ ಬೆಚ್ಚಗಿರುತ್ತದೆ, ಆದ್ದರಿಂದ ಅದರಲ್ಲಿ ಮಂಜುಗಡ್ಡೆ ಸುತ್ತಿದರೆ ಬೇಗ ಕರಗುತ್ತದೆ ಎಂದು ಬಹುಪಾಲು ಮಕ್ಕಳು, ಕೆಲವೊಮ್ಮೆ ದೊಡ್ಡವರೂ ಹೇಳಿಯಾರು. ಸುತ್ತಿ ನೋಡಿದರೆ ಬ್ಯಾರಲ್ಲಿಟ್ಟ ಗಡ್ಡೆಗಿಂತ ತಡವಾಗಿ ಕರಗುತ್ತದೆ. ಕಂಬಳಿ ಕಾವನ್ನು ಹುಟ್ಟಿಸುವುದಿಲ್ಲ, ತನ್ನ ಎಳೆಗಳ ನಡುವೆ ಸಿಕ್ಕಿಸಿಕೊಂಡ ಗಾಳಿಯಿಂದ ಅದನ್ನು ತಡೆಯುತ್ತದೆ, ಒಳಗಿನಿಂದ ಹೊರಗೆ ಹೇಗೋ ಹೊರಗಿನಿಂದ ಒಳಗೂ ಹಾಗೆಯೇ. ಬಿಸಿಲಿನಲ್ಲಿ ಕುರಿ ಕಾಯುವವರು ಹೆಗಲ ಮೇಲೆ ಕಂಬಳಿ ಹೊತ್ತು ತಿರುಗುವುದನ್ನು ನೋಡಿದ ಮಗು ಇದನ್ನು ಒಪ್ಪಬಹುದು. ಮಂಜುಗಡ್ಡೆಯನ್ನು ಭತ್ತದ ಹೊಟ್ಟಿನಲ್ಲಿ ಹೂತು, ಗೋಣಿಚೀಲ ಮುಚ್ಚಿ ಇಡುವ ವಾಡಿಕೆಗೂ ಕಾರಣ ಇದೇ. ಲಾರಿಯ ಮೇಲೆ ಉಬ್ಬಿ ಕುಳಿತು ತೂಕ ಬಾರದ ಆ ಹೊಟ್ಟು, ತೂಕ ಬಾರದಿರುವುದಕ್ಕೆ ಯಾವುದು ಕಾರಣವೋ ಅದೇ ಗಾಳಿಯಿಂದಲೇ, ಬಳ್ಳಾರಿಯ ಬಿಸಿಲಿನಲ್ಲೂ ಗಡ್ಡೆಯನ್ನು ಸಂಜೆಯವರೆಗೆ ಉಳಿಸಬಲ್ಲದು.